ಒಗರು ಇಳಿದ ಮೇಲೆ

ಕೊಬ್ಬರಿ ಮನೆಯವರು ಕೈಗೆ ಏನು ಸಿಕ್ಕರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನಮ್ಮ ಯಜಮಾನರಂತೂ ಔಷಧಿ ಸೀಸೆಯನ್ನೂ ಅಲ್ಲಾಡಿಸುತ್ತಾರೆ, ಯಾರೋ ಕೊಟ್ಟ ಉಡುಗೊರೆ ಡಬ್ಬವನ್ನೂ ಬಿಚ್ಚುವ ಮುಂಚೆ ಅಲ್ಲಾಡಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ನಮ್ಮ ತಿಪಟೂರು ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟುಬಿಡುತ್ತೇವೆ. ಹೆಂಚಿನ ಕಾವಿಗೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಕೊಬ್ಬರಿ ಆಯಿತು ಅಂತ ಅರ್ಥ. ಆದರೆ ವೈನ್ ಬಾಟಲಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ ಮನುಷ್ಯ ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

ವೈನ್ ಅಂದೆನಲ್ಲ, ಓದುವವರು ಹುಬ್ಬೇರಿಸಬೇಡಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಬೆಳಗ್ಗೆ ಪೂಜೆಯಾಗುವ ತನಕ ನಮ್ಮತ್ತೆ ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಆ ಮನೆಯೊಳಗೆ ಕೆಂಪು ವೈನಿನ ನಾಲ್ಕು ಬಾಟಲಿ ಬಂದದ್ದು ನಮ್ಮವರ ಮೂಗಿನ ದೆಸೆಯಿಂದ.

ಮೂಗೇ ಅವರ ಬಂಡವಾಳವಾಗಿತ್ತು. ಪೇಟೆಯಲ್ಲಿ ಅವರದು ಕೊಬ್ಬರಿ ಮಂಡಿ. ರೈತರು ತಂದ ಚೀಲದಿಂದ ಒಂದು ಉಂಡೆ ತೆಗೆದು, ಒಡೆದು, ಮೂಗಿಗೆ ಹಿಡಿದರೆ ಸಾಕು, ಮಾಲು ಒಳ್ಳೆಯದೋ ಕಮಟು ಹಿಡಿದದ್ದೋ ಹೇಳಿಬಿಡುತ್ತಿದ್ದರು. ಎಣ್ಣೆ ಕೆಟ್ಟ ಕೊಬ್ಬರಿಯ ಆ ಕಮಟು ಮೊದಮೊದಲು ಬಹಳ ಸಣ್ಣಗಿರುತ್ತದೆ, ಎಲ್ಲರಿಗೂ ಗೊತ್ತಾಗುವುದಿಲ್ಲ. ದಂಡಿನಶಿವರದ ರೈತರೊಬ್ಬರಿಗೆ ಒಮ್ಮೆ, "ನಿಮ್ಮ ಅಟ್ಟದ ಮೂಲೇಲಿ ಹೆಂಚು ಸೋರ್ತೈತೆ, ನೋಡ್ಕಳಿ" ಎಂದಿದ್ದರಂತೆ. ಆತ ಹೋಗಿ ನೋಡಿದರೆ ನಿಜವಾಗಿಯೂ ಸೋರುತ್ತಿತ್ತು. ಆ ಮಾತು ಸುತ್ತಮುತ್ತ ಹಬ್ಬಿ, ಇವರ ಮೂಗಿಗೆ ಒಂದು ಹೆಸರು ಬಂದುಬಿಟ್ಟಿತ್ತು. ನನಗೂ ಒಳಗೊಳಗೇ ಹೆಮ್ಮೆ. ಎದುರಿಗೆ ಮಾತ್ರ, ಮೂಗು ಅಷ್ಟು ಚುರುಕಾಗಿದ್ದರೆ ಬೆವರಿನ ಅಂಗಿ ತಾವಾಗಿ ಯಾಕೆ ಒಗೆಯೋಕೆ ಹಾಕಲ್ಲ ಎಂದು ರೇಗಿಸುತ್ತಿದ್ದೆ.

ಕೊರೊನಾ ಜ್ವರ ಬಂದು ಹೋಯಿತು. ಮನುಷ್ಯ ಉಳಿದರು, ಮೂಗು ಹೋಯಿತು. ಎಲ್ಲರಿಗೂ ಒಂದೆರಡು ತಿಂಗಳಲ್ಲಿ ವಾಪಸು ಬಂತು, ಇವರಿಗೆ ಬರಲಿಲ್ಲ. ಬೆಳಗ್ಗೆ ಪೂಜೆ ಮುಗಿಸಿ ಕರ್ಪೂರದ ಬಿಲ್ಲೆಯನ್ನು ಮೂಗಿಗೆ ಒತ್ತಿಕೊಂಡು ನಿಂತಿರುತ್ತಿದ್ದರು. ಇಂಗಿನ ಡಬ್ಬ, ಕಾಫಿಪುಡಿ, ಎಲ್ಲದರ ಮುಚ್ಚಳ ತೆಗೆದು ನೋಡುತ್ತಿದ್ದರು. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತಿತ್ತು, ಅಷ್ಟೇ. ನಾನು ಮಾಡಿದ ಬಸ್ಸಾರು ಅವರ ಪಾಲಿಗೆ ಉಪ್ಪುಖಾರದ ಬಿಸಿನೀರು. ತಟ್ಟೆಯ ಮುಂದೆ ಅವರು ಸುಮ್ಮನೆ ಕೂತಿರುವುದನ್ನು ನೋಡಿದರೆ ನನಗೆ ಅಡುಗೆಮನೆಗೇ ಬೆಂಕಿ ಹಾಕಬೇಕು ಅನ್ನಿಸುತ್ತಿತ್ತು.

ಮಂಡಿಯಲ್ಲಿ ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಕೊಬ್ಬರಿ ವ್ಯಾಪಾರಿ ಎಂದು ಆಡಿಕೊಂಡಾರು ಎಂಬ ಹೆದರಿಕೆ. ಹಾಗಾಗಿ ಅವರ ಮೂಗಿನ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಮಾಲಿನಿಂದ ಒಂದು ಚೂರು ಅಂಗಿಯ ಜೇಬಿಗೆ ಹಾಕಿಕೊಂಡು ಮಧ್ಯಾಹ್ನ ಊಟಕ್ಕೆ ಬರುವರು. ನಾನು ಮೂಸಿ ಹೇಳುವೆ. ಅವರು ಹೂಂ ಎನ್ನುವರು, ಅಷ್ಟೇ. ಒಂದು ದಿನವಾದರೂ ತಲೆಯೆತ್ತಿ ಕೇಳಿದವರಲ್ಲ.

ಆ ದಿನಗಳಲ್ಲೇ ಇವರು ಮೂಗಿನ ವಿಷಯ ಹೇಳಿಕೊಂಡಿದ್ದ ಹಳೆಯ ಗೆಳೆಯರೊಬ್ಬರು ನೋಡಲು ಬಂದರು. ಕೃಷಿ ಕಾಲೇಜಿನಲ್ಲಿ ಜೊತೆಗೆ ಓದಿದವರು, ದೊಡ್ಡಬಳ್ಳಾಪುರದ ಆಚೆ ವೈನ್ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ. ಕಾರಿನಿಂದ ಒಂದು ರಟ್ಟಿನ ಡಬ್ಬ ಇಳಿಸಿದರು. ನಾಲ್ಕೂ ಒಂದೇ ತೋಟದ, ಒಂದೇ ವರ್ಷದ ಕೆಂಪು ವೈನ್.

"ಲೇ, ಈಗ ಇದು ಬರೀ ಒಗರು ಕಣ್ಲಾ. ವರ್ಷಕ್ಕೊಂದು ತೆಗಿ. ಒಗರು ಇಳೀತಾ ಇಳೀತಾ ವಾಸನೆ ಏಳ್ತದೆ. ನಿನ್ನ ಮೂಗು ಎಲ್ಲಿಗೆ ಬಂತು ಅಂತ ಇದೇ ಹೇಳ್ತದೆ," ಎಂದರು. ನನ್ನ ಕಡೆ ತಿರುಗಿ, "ತಣ್ಣಗಿರೋ ಕತ್ತಲೆ ಜಾಗದಲ್ಲಿ ಮಲಗಿಸಿಡಿ ಅಮ್ಮ. ಅಲ್ಲಾಡಿಸಬೇಡಿ," ಎಂದರು. ನಮ್ಮತ್ತೆ ಒಳಗಿದ್ದರು. ನಾನು ಡಬ್ಬದ ಮೇಲೆ ಸೀರೆ ಸೆರಗು ಮುಚ್ಚಿಕೊಂಡು ಕತ್ತಲೆ ಕೋಣೆಗೆ ಹೋಗಿ ರಾಗಿ ಡ್ರಮ್ಮಿನ ಹಿಂದೆ ಸೇರಿಸಿದೆ.

ಅತ್ತೆ ಕೆಂಕೆರೆಯ ಮಗಳ ಮನೆಗೆ ಹೋದಾಗ ಮೊದಲನೆಯದನ್ನು ತೆಗೆದೆವು. ಮಟಮಟ ಮಧ್ಯಾಹ್ನ, ಬಾಗಿಲು ಹಾಕಿಕೊಂಡು, ಸ್ಟೀಲ್ ಲೋಟಗಳಲ್ಲಿ. ಹುಟ್ಟಿದ ಮೇಲೆ ಅಂಥದ್ದು ಬಾಯಿಗೆ ಇಟ್ಟದ್ದು ಅದೇ ಮೊದಲು. ಬಣ್ಣ ನೇರಳೆ ಹಣ್ಣಿನದು. ಬಾಯಿಗೆ ಹಾಕಿಕೊಂಡರೆ, ಶಿವನೇ, ಹಸಿ ಬಾಳೆಕಾಯಿ ಕಚ್ಚಿದ ಹಾಗೆ ಒಸಡೆಲ್ಲ ಹಿಡಿದುಕೊಂಡಿತು. ಇದಕ್ಕೆ ದುಡ್ಡು ಕೊಟ್ಟು ಕುಡಿಯುವ ಜನರೂ ಇದ್ದಾರಾ ಎಂದು ಬೈಯಲು ತಿರುಗಿದೆ. ಇವರ ಕಣ್ಣಲ್ಲಿ ನೀರು.

"ಒಗರು ಕಣೇ," ಎಂದರು. "ನಂಗೆ ಗೊತ್ತಾಯ್ತೈತೆ. ಬಾಯೆಲ್ಲ ಗೊತ್ತಾಯ್ತೈತೆ."

ಅಷ್ಟು ತಿಂಗಳಲ್ಲಿ ಅವರ ಬಾಯಿಗೆ ಗಟ್ಟಿಯಾಗಿ ತಾಗಿದ್ದು ಅದೊಂದೇ. ಮತ್ತೆ ಮತ್ತೆ ಹಾಕಿಕೊಂಡರು. ವಾಸನೆ ಹೇಳು ಎಂದರು. ನಾನು ನೇರಳೆ ಎಂದೆ, ಕರಿಮೆಣಸು ಎಂದೆ. ಆ ಮಧ್ಯಾಹ್ನ ನಾವಿಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ನಕ್ಕೆವು.

ಮರುವರ್ಷ ಎರಡನೆಯದು. ಅದೇ ಕೋಣೆ, ಅದೇ ಲೋಟ, ಆದರೆ ಬೇರೆ ರುಚಿ. ನೇರಳೆ ಬಣ್ಣದ ಅಂಚಿಗೆ ಇಟ್ಟಿಗೆಯ ಕೆಂಪು ಬಂದಿತ್ತು. ಒಸಡು ಹಿಡಿಯುವ ಆ ಮೊಂಡುತನ ಹೋಗಿ ನಾಲಿಗೆಯ ಮೇಲೆ ನುಣ್ಣಗೆ ಇಳಿಯಿತು. ಮೂಗಿಗೆ ಹಿಡಿದರೆ ಒಣದ್ರಾಕ್ಷಿ, ಆಮೇಲೆ ಲವಂಗ, ನುಂಗಿ ಸ್ವಲ್ಪ ಹೊತ್ತಾದ ಮೇಲೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಹೋದ ವರ್ಷ ಬೈಯಲು ಹೊರಟದ್ದಕ್ಕೆ ನನಗೇ ನಾಚಿಕೆಯಾಯಿತು. ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಇವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಹೋದ್ವರ್ಷದ್ದೇ ಚೆನ್ನಾಗಿತ್ತು. ಇದು ನೀರು ಕಣೇ."

ಆಗ ನನಗೆ ಹೊಳೆಯಿತು. ಒಗರು ನಾಲಿಗೆಯ ಪಾಲು, ಪರಿಮಳ ಮೂಗಿನ ಪಾಲು. ವೈನು ಮಾಗುತ್ತ ಹೋದಂತೆ ನಾಲಿಗೆಯ ಪಾಲು ಕಳೆದು ಮೂಗಿನ ಪಾಲು ಬೆಳೆಯುತ್ತದೆ. ನನಗೆ ಅದು ವರ್ಷ ವರ್ಷ ಚೆನ್ನಾಗುತ್ತದೆ, ಇವರಿಗೆ ವರ್ಷ ವರ್ಷ ಇಲ್ಲವಾಗುತ್ತದೆ. ಗೆಳೆಯರು ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ಎಂಥಾ ಕ್ರೂರ ಪರೀಕ್ಷೆ ಎನ್ನಿಸಿತು. ಉಳಿದ ಎರಡನ್ನು ಬಚ್ಚಲಿಗೆ ಸುರಿದುಬಿಡೋಣ ಎಂದೆ. ಇವರು ಬೇಡ ಎಂದರು.

ಮೂರನೇ ವರ್ಷ ನಾನು ಲೋಟವನ್ನು ಮೂಗಿನ ಹತ್ತಿರ ತಂದೆನಷ್ಟೇ, ಇನ್ನೂ ಮಾತಾಡಿರಲಿಲ್ಲ. ಎದುರಿಗೆ ಕೂತಿದ್ದ ಇವರು ನನ್ನನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿಕೊಂಡು, "ಒಣದ್ರಾಕ್ಷಿ," ಎಂದರು. "ಲವಂಗ. ಹೋದ್ವರ್ಷಕ್ಕಿಂತ ಚೆನ್ನಾಗೈತೆ." ನಾನು ಲೋಟ ಇಟ್ಟು ಅತ್ತುಬಿಟ್ಟೆ. ನಿಜವಾಗ್ಲೂ ಬಂತೇನ್ರೀ ಎಂದು ಎಷ್ಟು ಸಲ ಕೇಳಿದೆನೋ. ಬಂತು ಕಣೇ, ಬಂತು, ಅಳಬ್ಯಾಡ ಬುಡು, ಎಂದರು. ಮಾರನೆಯ ದಿನ ಕಾಯಿ ಹೋಳಿಗೆ ಮಾಡಿದೆ. ಅತ್ತೆ, ಯಾವ ಹಬ್ಬ ಇವತ್ತು ಎಂದರೆ ಸುಮ್ಮನೆ ಆಸೆಯಾಯಿತು ಎಂದೆ. ಅವತ್ತಿನಿಂದ ಜೇಬಿನಲ್ಲಿ ಕೊಬ್ಬರಿ ಚೂರು ಬರುವುದು ನಿಂತಿತು. ಮಂಡಿಯಲ್ಲಿ ಮೊದಲಿನ ಹಾಗೇ ಒಡೆದು, ಮೂಸಿ, ಹೇಳುತ್ತಿದ್ದರು.

ಆ ವರ್ಷವೇ ಅತ್ತೆ ರಾಗಿ ಡ್ರಮ್ಮಿನ ಹಿಂದೆ ಹೆಗ್ಗಣ ಸೇರಿಕೊಂಡಿದೆ ಎಂದು ಕತ್ತಲೆ ಕೋಣೆಯನ್ನೆಲ್ಲ ಖಾಲಿ ಮಾಡಿಸಲು ಹೊರಟರು. ಇವರು ಉಳಿದ ಒಂದು ಬಾಟಲಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಅಟ್ಟದ ಮೇಲೆ ತೆಂಗಿನಕಾಯಿಗಳ ನಡುವೆ ನಿಲ್ಲಿಸಿದರು.

"ತಣ್ಣಗಿರ್ಬೇಕು ಅಂದಿದ್ರಲ್ರೀ," ಎಂದೆ.

"ಅವನಿಗೆ ದ್ರಾಕ್ಷಿ ಗೊತ್ತು. ಮಾಗಿಸೋದು ನಮಗೆ ಗೊತ್ತು. ಕಾವು ತಾಗದೆ ಯಾವ್ದು ಮಾಗ್ತೈತೆ, ನೀನೇ ಹೇಳು," ಎಂದರು. ನನಗೂ ಸರಿಯೆನ್ನಿಸಿತು. ಹುಟ್ಟಿದಾಗಿನಿಂದ ಅಟ್ಟದ ಕೆಳಗೇ ಬೆಳೆದವಳು ನಾನು, ಅಟ್ಟ ಕೆಡಿಸಿದ್ದನ್ನು ಎಂದೂ ಕಂಡಿರಲಿಲ್ಲ. ಕಾಯಿ ನೋಡಲು ಹತ್ತಿದಾಗೆಲ್ಲ ಇವರು ಬಾಟಲಿಯನ್ನೂ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸುವರು. ಇನ್ನೂ ಆಗಿಲ್ಲ ಎಂದು ಮೇಲಿನಿಂದಲೇ ಕೂಗುವರು. ಅತ್ತೆ ಕಾಯಿಯ ಮಾತು ಎಂದುಕೊಳ್ಳುವರು.

ನಡುವೆ ಒಂದೆರಡು ಸಲ ಅನುಮಾನ ಬಂದಿತ್ತು. ಒಮ್ಮೆ ಹಾಲು ಉಕ್ಕಿ ಸೀದು ಮನೆಯೆಲ್ಲ ಘಾಟು ತುಂಬಿದ್ದರೂ ಇವರು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದರು. ಕೇಳಿದರೆ, ಗಮನ ಇರಲಿಲ್ಲ ಎಂದರು. ನಾನೂ ಅದನ್ನು ಅಲ್ಲಿಗೇ ಬಿಟ್ಟೆ. ಬಂದಿದೆ ಎಂದು ನಂಬಿಕೊಂಡಿರುವುದು ನನಗೂ ಹಿತವಾಗಿತ್ತು.

ನಾಲ್ಕನೆಯದನ್ನು ತೆಗೆದ ದಿನ ಅತ್ತೆ ಅಮ್ಮಸಂದ್ರಕ್ಕೆ ಗೃಹಪ್ರವೇಶಕ್ಕೆ ಹೋಗಿದ್ದರು, ಯಾವ ಹೊತ್ತಿನಲ್ಲಾದರೂ ವಾಪಸಾಗಬಹುದಿತ್ತು. ಇವರು ಅಟ್ಟದಿಂದ ಬಾಟಲಿ ಇಳಿಸಿದರು. ಬಿರಡೆ ಒಂದಿಷ್ಟು ಮೇಲೆದ್ದು, ಕುತ್ತಿಗೆಯ ಸುತ್ತ ಅಂಟಂಟಾಗಿ ಒಸರಿತ್ತು. ನಾನು ಎರಡು ಲೋಟಕ್ಕೆ ಬಗ್ಗಿಸಿ, ನನ್ನ ಲೋಟ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತೆ. ಆಟೋ ಬಂದರೆ ಕಾಣಲಿ ಎಂದು ಬೀದಿಯ ಕಡೆಗೇ ಮುಖ ಮಾಡಿದ್ದೆ.

ಲೋಟವನ್ನು ಮೇಲೆತ್ತಿದೆ. ಬಣ್ಣ ಹುಣಿಸೆ ನೀರಿನದು. ವಾಸನೆ ಮೂಗಿಗೆ ಬಡಿಯಿತು. ಸೀದ ಬೆಲ್ಲ, ನೆಂದ ಗೋಣಿಚೀಲ, ಉಗುರಿಗೆ ಹಚ್ಚುವ ಬಣ್ಣ, ಮೂರೂ ಸೇರಿದ ಕೆಟ್ಟ ನಾತ. ಅಟ್ಟದ ಕಾವು ಆ ವೈನನ್ನು ಬೇಯಿಸಿ ಹಾಕಿತ್ತು. ರೀ, ಕುಡೀಬೇಡಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಅವರ ದನಿ ಬಂತು.

"ಒಣದ್ರಾಕ್ಷಿ," ಎಂದರು. "ಲವಂಗ. ಚೂರು ಹುಳಿ ಬಂದೈತೆ, ಆದ್ರೂ ಹೋದ್ವರ್ಷಕ್ಕಿಂತ ಚೆನ್ನಾಗೈತೆ."

ತಿರುಗಲಿಲ್ಲ. ಒಣದ್ರಾಕ್ಷಿ, ಲವಂಗ. ಅವು ನನ್ನ ಮಾತುಗಳು, ಎರಡನೇ ವರ್ಷ ನಾನೇ ಒಂದೇ ಉಸಿರಿಗೆ ಹೇಳಿದ ಮಾತುಗಳು. ಅವನ್ನೇ ಮೂರನೇ ವರ್ಷ ನನಗೆ ವಾಪಸು ಕೊಟ್ಟಿದ್ದರು, ಈಗ ಮತ್ತೆ ಕೊಡುತ್ತಿದ್ದರು. ನಾನು ಅದಕ್ಕೆ ಹೋಳಿಗೆ ಬೇರೆ ಮಾಡಿದ್ದೆ.

"ರೀ," ಎಂದೆ, "ಇದು ಕೊಳೆತು ನಾರ್ತಾ ಇದೆ."

ತಿರುಗಿ ನೋಡಿದರೆ, ಸಿಕ್ಕಿಬಿದ್ದ ಹುಡುಗನ ಹಾಗೆ ಲೋಟದ ತಳವನ್ನೇ ನೋಡುತ್ತ ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಒಂದು ವರ್ಷದಿಂದ ನನ್ನ ಕಣ್ಣಿಗೆ ಮಣ್ಣೆರಚಿದಿರಲ್ಲ, ನಾನೇನು ಹೊರಗಿನವಳಾ, ನನ್ನ ಹತ್ತಿರವೂ ನಾಟಕವಾ ಎಂದೆ. ಕೊನೆಗೆ ಅಳುತ್ತಾ, ಹೋದ ವರ್ಷ ಹೆಂಗೆ ಹೇಳಿದಿರಿ ಎಂದು ಕೇಳಿದೆ.

"ನಿನ್ನ ಮುಖ ನೋಡ್ದೆ ಕಣೇ," ಎಂದರು. "ಲೋಟ ಮೂಗಿಗೆ ಹಿಡ್ದಾಗ ನಿನ್ನ ಮುಖ ಅರಳ್ತು. ಚೆನ್ನಾಗೈತೆ ಅಂತ ಗೊತ್ತಾಯ್ತು. ಇವತ್ತು ನೀನು ಆ ಕಡೆ ತಿರುಗಿದ್ಯಲ್ಲ."

"ಮಂಡಿಯಲ್ಲಿ?"

"ಅಲ್ಲೂ ಅಷ್ಟೇ. ಒಡೆದು ಮೂಗಿಗೆ ಹಿಡ್ಕಂಡು ತಂದವನ ಮುಖ ನೋಡ್ತೀನಿ. ಕೆಟ್ಟ ಮಾಲು ತಂದವನ ಕಣ್ಣು ನಿಲ್ಲಾಕಿಲ್ಲ." ಲೋಟವನ್ನು ಪಕ್ಕಕ್ಕೆ ಸರಿಸಿ, "ಒಂದೊಂದ್ಸಲ ಪಾಪ, ಅವನಿಗೇ ಗೊತ್ತಿರಾಕಿಲ್ಲ. ಆವಾಗ ನಾನೂ ತಪ್ಪು ಹೇಳ್ತೀನಿ," ಎಂದರು.

"ನನ್ನನ್ನ ಕೇಳ್ಬಾರ್ದಿತ್ತಾ?"

"ಎಷ್ಟು ದಿನ ಕೇಳ್ಲಿ? ದಿನಾ ಜೇಬಲ್ಲಿ ಚೂರು ತುಂಬ್ಕಂಡು ಹೆಂಡ್ತಿ ಮುಂದೆ ಬಂದು ನಿಲ್ಲೋದು ಅಂದ್ರೆ."

ಬೀದಿಯಲ್ಲಿ ಆಟೋ ಸದ್ದಾಯಿತು. ಬಾಟಲಿಯನ್ನು ತೆಗೆದುಕೊಂಡು ಹೋಗಿ ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದೆ. ಅತ್ತೆ ಒಳಗೆ ಬಂದವರೇ, ಇದೇನೇ ನಾತ, ಇಲಿ ಗಿಲಿ ಸತ್ತೈತಾ ನೋಡು, ಎಂದರು. ಇವರು ಅವರಮ್ಮನ ಮುಖವನ್ನು ನೋಡಿ ತಾವೂ ಮೂಗು ಮುಚ್ಚಿಕೊಂಡರು. ಎಷ್ಟು ಸಲೀಸಾಗಿ ಮಾಡಿದರೆಂದರೆ, ನೋಡುತ್ತ ನಿಂತ ನನಗೆ ಕೋಪವೆಲ್ಲ ಇಳಿದು ಭಯವಾಯಿತು.

ಆಮೇಲೆ ಎಷ್ಟೋ ದಿನ ನಾವು ಆ ಮಾತೆತ್ತಲಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಮುಂಚೆ ಅವರ ಕಣ್ಣು ನನ್ನ ಮುಖದ ಮೇಲೆ ಬರುವುದು ಈಗ ನನಗೆ ತಿಳಿಯುತ್ತಿತ್ತು. ಮೊದಲೆಲ್ಲ ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇರಬಹುದು, ಇಲ್ಲವೆನ್ನಲಾರೆ. ಆದರೆ ಯಾವುದು ಎಷ್ಟು ಎಂದು ಬೇರೆ ಮಾಡಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೊನ್ನೆ ಮಧ್ಯಾಹ್ನ ಮಂಡಿಯಿಂದ ಬಂದು, ಕೈಕಾಲು ತೊಳೆಯುವ ಮುಂಚೆಯೇ ಅಡುಗೆಮನೆಗೆ ಬಂದರು. ಜೇಬಿನಿಂದ ಒಂದು ಕೊಬ್ಬರಿ ಚೂರು ತೆಗೆದು ಒಲೆಯ ಕಟ್ಟೆಯ ಮೇಲಿಟ್ಟರು. ನಾನು ಕೈಗೆ ತೆಗೆದುಕೊಂಡು ಮೂಸಿದೆ. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಹುಬ್ಬು, ತುಟಿ, ಏನನ್ನೂ ಅಲ್ಲಾಡಗೊಡದೆ ಮುಖ ಬಿಗಿಹಿಡಿದು ನಿಂತೆ. ಅವರು ಕಾದರು. ನಾನೂ ಕಾದೆ. ಕುಕ್ಕರ್ ಕೂಗಿತು, ಆರಿಸಲಿಲ್ಲ.

"ಬಾಯ್ಬಿಟ್ಟು ಕೇಳ್ರೀ," ಎಂದೆ.

ಅವರು ತಲೆ ತಗ್ಗಿಸಿದರು. ಆಮೇಲೆ ತಲೆಯೆತ್ತಿ ಕೇಳಿದರು. "ವಾಸ್ನೆ ಹೆಂಗೈತೆ ಕಣೇ?"

ಕಮಟು ಹಿಡಿದಿತ್ತು. ಹೇಳಿದೆ.