ಆಯಿ ಕೇಳಿದ ರಾಣಿಯರ ಕಥೆ

ಹೋದ ವಾರ ಕಪಾಟು ಸರಿಸುವಾಗ ಆ ಹಳೆಯ ಕಾದಂಬರಿ ಕೈಗೆ ಬಂತು. ತೆರೆದರೆ ನಶ್ಯದ ವಾಸನೆ, ಸೀನು ಬಂತು. ಸುರಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಒಂಟಿ ಮುದುಕಿ ಆಯಿ ನೆನಪಾದಳು.

ಆಗ ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಆಯಿಗೆ ಓದು ಬರುತ್ತಿರಲಿಲ್ಲ. ಮಧ್ಯಾಹ್ನ ಉಂಡ ಮೇಲೆ ಅವಳ ಪಡಸಾಲೆಯಲ್ಲಿ ಕೂತು ನಾನು ಈ ಕಾದಂಬರಿ ಓದುತ್ತಿದ್ದೆ, ಅವಳು ನಶ್ಯ ಏರಿಸುತ್ತ ಕೇಳುತ್ತಿದ್ದಳು. ಒಬ್ಬ ಅರಸ, ಇಬ್ಬರು ರಾಣಿಯರ ಕಥೆ. ದೊಡ್ಡ ರಾಣಿಗೆ ಮಕ್ಕಳಾಗಲಿಲ್ಲವೆಂದು ಸಣ್ಣವಳನ್ನು ತಂದಿದ್ದರು. ಅವಳಿಗೂ ಆಗಲಿಲ್ಲ.

"ನಂದೂ ಇದೇ ಹಣೆಬರಹ ನೋಡವ್ವಾ," ಎಂದಳು ಒಂದು ದಿನ. ಆಯಿ ತನ್ನ ಗಂಡನಿಗೆ ಎರಡನೆಯವಳು. ಇವಳು ಹೊಸ್ತಿಲು ತುಳಿದ ವರ್ಷವೇ ಮೊದಲನೆಯವಳು ಶಹಾಪುರಕ್ಕೆ ಹೋಗಿ ಒಬ್ಬಳೇ ಉಳಿದಳು. ಗಂಡ ಸತ್ತಾಗ ಬಂದವಳು ಇವಳ ಮುಖ ಕೂಡ ನೋಡಲಿಲ್ಲವಂತೆ.

ಅರಸ ಸತ್ತ ಮೇಲೆ ರಾಣಿಯರಿಬ್ಬರನ್ನೂ ಒಂದೇ ಅರಮನೆಯಲ್ಲಿ ಕೂಡಿಹಾಕುವ ಅಧ್ಯಾಯ ಬಂತು. ಅಂಗಳದ ಆಚೆಗೊಬ್ಬಳು, ಈಚೆಗೊಬ್ಬಳು. ಮಾತಿಲ್ಲ. ಒಂದು ಬೆಳಿಗ್ಗೆ ಆಚೆಯ ಬಾಗಿಲು ತೆರೆಯಲೇ ಇಲ್ಲ...

"ಸಾಕು, ಮುಚ್ಚು," ಎಂದಳು ಆಯಿ. ನಶ್ಯದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಳಿ ನನಗ ಶಹಾಪುರಕ್ಕ ಕರ್ಕೊಂಡು ಹೋಗ್ತೀಯೇನು?"

ಮರುದಿನ ಬಸ್ಸು ಹತ್ತಿದೆವು. ತೊಡೆಯ ಮೇಲಿನ ರೊಟ್ಟಿಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಶಹಾಪುರದಲ್ಲಿ ಬಾಗಿಲು ತೆರೆದ ಮುದುಕಿ, ಆ ಮೊದಲನೆಯವಳು, ಆಯಿಯ ಮುಖವನ್ನೇ ದಿಟ್ಟಿಸಿದಳು. ಆಯಿ ಹೊರಗೇ ನಿಂತು ಅಳತೊಡಗಿದಳು.

"ಅಳಾಕ ಇಷ್ಟು ದೂರ ಬಂದೀಯೇನು? ಒಳಗ ಬಾ. ಮೊಣಕಾಲು ಹಿಡಿದಾವ, ನನಗ ನಿಂದ್ರಾಕ ಆಗಂಗಿಲ್ಲ," ಎಂದಳು ಮುದುಕಿ.

ಮೂವರೂ ರೊಟ್ಟಿ ತಿಂದೆವು. ಸಂಜೆ ನಾನು ಹೊರಟಾಗ ಆಯಿ ಏಳಲಿಲ್ಲ. "ನೀ ನಡಿ ಯವ್ವಾ. ಈಕಿಗಿ ನೀರು ತರಾಕ ಯಾರೂ ಇಲ್ಲ."

ನಾಲ್ಕು ದಿನ ಇದ್ದು ಬರುತ್ತಾಳೆಂದುಕೊಂಡಿದ್ದೆ. ಬರಲಿಲ್ಲ. ಮಧ್ಯಾಹ್ನಗಳು ಉದ್ದವಾದವು. ಉಳಿದ ಪುಟಗಳನ್ನು ಒಬ್ಬಳೇ ಓದಿ ಮುಗಿಸಿದೆ, "ಮುಂದ?" ಎನ್ನುವವರಿರಲಿಲ್ಲ. ನೌಕರಿ ಸಿಕ್ಕು ಯಾದಗಿರಿಗೆ ಬಂದೆ, ಒಬ್ಬಳೇ ಉಳಿದೆ. ಹೋಗಿ ನೋಡಿ ಬರಬೇಕು ಎನ್ನುತ್ತಲೇ ವರ್ಷಗಳು...

ಪುಸ್ತಕ ಸಿಕ್ಕ ಮೇಲೆ ತಡೆಯಲಾಗದೆ ಶಹಾಪುರಕ್ಕೆ ಹೋದೆ. ಆ ಮನೆಯಿದ್ದಲ್ಲಿ ಈಗ ಮೊಬೈಲ್ ಅಂಗಡಿ. ಎದುರಿನ ಹಿಟ್ಟಿನ ಗಿರಣಿಯವರನ್ನು ವಿಚಾರಿಸಿದೆ.

"ಅಕ್ಕ-ತಂಗಿ ಇದ್ರಲ್ಲ, ಅವರೇನ್ರಿ?" ಎಂದರು. "ಅಕ್ಕ ಮೊದಲು ಹೋದ್ಳು. ಆಮ್ಯಾಲ ತಂಗಿ ಊಟಾನೇ ಬಿಟ್ಲು, ಭಾಳ ದಿನ ಉಳೀಲಿಲ್ರಿ. ನೀವು ಅವರ ಪೈಕೇನ್ರಿ?"

ಅಲ್ಲ ಎಂದೆ. ಯಾದಗಿರಿಯ ಬಸ್ಸು ಹತ್ತಿ ಕೂತ ಮೇಲೆ ಅನ್ನಿಸಿತು, ಹೌದೆನ್ನಬೇಕಿತ್ತು. ಅವರಿಗೆ ನನ್ನನ್ನು ಬಿಟ್ಟರೆ ಇನ್ನಾರಿದ್ದರು... ನನಗಾದರೂ ಯಾರಿದ್ದರು.