ಅಜ್ಜಾರ ಪೆಟ್ಟಿಗೆಯ ಶ್ರುತಿ ಕೆಡಿಸಿದ್ದು

ಕಳೆದ ವಾರ ಪೀಣ್ಯದ ನಮ್ಮ ಶೆಡ್ಡಿನಲ್ಲಿ ಕರೆಂಟು ಕೈಕೊಟ್ಟಿತ್ತು. ಸಂಜೆಯೊಳಗೆ ಕೊಡಲೇಬೇಕಾದ ಹಿತ್ತಾಳೆ ಪಟ್ಟಿಯೊಂದನ್ನು ವೈಸಿನ ದವಡೆಗೆ ಕಚ್ಚಿಸಿ, ಎಷ್ಟೋ ವರ್ಷಗಳ ಮೇಲೆ ಕೈಯಲ್ಲೇ ಅರ ಹಾಕಿದೆ. ಸೋಪು ಹಾಕಿ ತೊಳೆದರೂ ಹಿತ್ತಾಳೆ ಪುಡಿಯ ವಾಸನೆ ಬೆರಳು ಬಿಡಲಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದರೆ ಅದೇ ವಾಸನೆ… ಅಜ್ಜಾರು ನೆನಪಾಗಿಬಿಟ್ಟರು.

ನಾನು ಗದಗಿನ ಕಡೆಯವನು. ನಮ್ಮಲ್ಲಿ ಮಠದ ಸ್ವಾಮಿಗಳನ್ನು ಅಜ್ಜಾರು ಅನ್ನುತ್ತೇವೆ. ಇವರೂ ಒಂದು ಮಠದ ಹಿರಿಯರೇ, ಆದರೆ ಕ್ರೈಸ್ತ ಮಠದವರು. ಬೆನೆಡಿಕ್ಟನ್ ಸನ್ಯಾಸಿಗಳ ಆ ಮಠ ಇರುವುದು ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆಯ ಒಳದಾರಿಯಲ್ಲಿ. ಎಲ್ಲರೂ ಅವರನ್ನು ಫಾದರ್ ಎಂದು ಕರೆದರೆ ನನ್ನ ಬಾಯಿಗೆ ಬಂದದ್ದು ಅಜ್ಜಾರು. ಅವರಿಗದು ಬಹಳ ಹಿಡಿಸಿತು. ಕೊನೆಕೊನೆಗೆ ಫೋನಿನಲ್ಲಿ ತಾವೇ "ಅಜ್ಜಾರು ಮಾತಾಡುವುದು" ಎಂದು ಮಂಗಳೂರು ರಾಗದಲ್ಲಿ ಶುರು ಮಾಡುತ್ತಿದ್ದರು.

ಅವರು ಮೊದಲು ಬಂದದ್ದು ಏಳೆಂಟು ವರ್ಷಗಳ ಹಿಂದೆ. ಎರಡು ಬಸ್ಸು, ಒಂದು ಮೆಟ್ರೋ ಹಿಡಿದು, ಬಿಳಿ ನಿಲುವಂಗಿಗೆ ಪೀಣ್ಯದ ಧೂಳೆಲ್ಲ ಮೆತ್ತಿಸಿಕೊಂಡು, ಕರ್ಚೀಫಿನಲ್ಲಿ ಏನನ್ನೋ ಸುತ್ತಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ಅಲೆಯುತ್ತಿದ್ದರು. ನಮ್ಮ ಪಕ್ಕದ ಶೆಡ್ಡಿನ ಮಾಲೀಕ ಕೇಳಿದ್ದು ನನಗೂ ಕೇಳಿಸಿತು.

"ಎಷ್ಟು ಪೀಸ್ ಬೇಕು ಸಾರ್? ಸಾವಿರದ ಕೆಳಗಾದ್ರೆ ಮೆಷಿನ್ ಸೆಟ್ಟಿಂಗೇ ಗಿಟ್ಟಲ್ಲ."

"ನಾಲ್ಕು."

"ನಾಲ್ಕು ಸಾವಿರಾನಾ?"

"ಅಲ್ಲ ಮಾರಾಯ್ರೆ, ನಾಲ್ಕೇ!"

ಅವನು ನಕ್ಕು ನನ್ನ ಕಡೆ ಕೈ ತೋರಿಸಿದ. ಬಾಗಲಗುಂಟೆಯ ನಮ್ಮ ಭಜನಾ ಮೇಳದ ಹಾರ್ಮೋನಿಯಂ ಕೆಟ್ಟರೆ ರಿಪೇರಿ ನನ್ನದೇ ಎಂಬುದು ಅವನಿಗೆ ಗೊತ್ತಿತ್ತು. ಕರ್ಚೀಫು ಬಿಚ್ಚಿದರೆ ಒಳಗೆ ನಾಲ್ಕು ಮುರಿದ ಹಿತ್ತಾಳೆ ರೀಡುಗಳು, ಗಾಳಿ ಹಾಯ್ದಾಗ ಅದುರಿ ಸ್ವರ ಕೊಡುವ ಪಟ್ಟಿಗಳು. ಹಡಗಿನಲ್ಲಿ ಬಂದ ಹಳೇ ಆರ್ಗನ್ನಿನವು ಎಂದರು. ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಪೆಟ್ಟಿಗೆ ಅದು.

ಅಜ್ಜಾರು ಹದಿನೆಂಟಕ್ಕೆ ಮಠ ಸೇರಿದವರಂತೆ. ಅಲ್ಲಿಂದ ಯುರೋಪಿಗೆ ಕಳಿಸಿದ್ದರು. ಅಲ್ಲಿನ ಮಠಗಳ ಗ್ರಂಥಾಲಯಗಳಲ್ಲಿ ಕೂತು, ಚರ್ಮದ ಹಾಳೆಯ ಮೇಲೆ ಬರೆದಿಟ್ಟ ಹಾಡುಗಳನ್ನು ವರ್ಷಗಟ್ಟಲೆ ಓದಿ, ಸಂಗೀತದ ಇತಿಹಾಸ ಬರೆಯುವವರಾಗಿ ವಾಪಸು ಬಂದರು. ಆಮೇಲೆ ಮಠದವರೆಲ್ಲ ವೋಟು ಹಾಕಿ ಹಿರಿಯರನ್ನಾಗಿ ಆರಿಸಿದರು. "ನಾನು ಪ್ರಚಾರ ಮಾಡಲಿಲ್ಲ, ಆದರೂ ಗೆದ್ದುಬಿಟ್ಟೆ. ಅನ್ಯಾಯ ನೋಡು!" ಎಂದು ನಗುತ್ತಿದ್ದರು. ಅವರ ಕೊನೆಯ ಪುಸ್ತಕ ಆ ಹಾಡುಗಳು ನಮ್ಮ ನಾಡಿಗೆ ಬಂದು ಕನ್ನಡದ ಗಂಟಲಿಗೆ ಹೇಗೆ ಒಗ್ಗಿದವು ಎಂಬುದರ ಬಗ್ಗೆ. ಒಂದು ಅಧ್ಯಾಯ ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು.

ನಾಲ್ಕು ರೀಡು ಮಾಡಿಕೊಂಡು ಮಠಕ್ಕೆ ಹೋದೆ. ಪೆಟ್ಟಿಗೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿತ್ತು. ಕೂರಿಸುತ್ತಿದ್ದಾಗ ಅಜ್ಜಾರು ಉತ್ಸಾಹದಿಂದ ಶುರು ಮಾಡಿದರು. "ಇದರಲ್ಲಿ ಒಂದು ವಿಶೇಷ ಉಂಟು ಮಾರಾಯಾ. ಇದರ ಸ್ವರಗಳು ಈಗಿನ ಹಾಗೆ…"

ಗಂಟೆ ಹೊಡೆಯಿತು. ಆ ಮಠದಲ್ಲೊಂದು ಪದ್ಧತಿ. ಪ್ರಾರ್ಥನೆಯ ಗಂಟೆ ಹೊಡೆದರೆ ಕೈಯಲ್ಲಿದ್ದದ್ದು ಅಲ್ಲೇ, ಬಾಯಲ್ಲಿದ್ದದ್ದೂ ಅಲ್ಲೇ. ಬರೆಯುವವನು ಅರ್ಧ ಅಕ್ಷರಕ್ಕೆ ಪೆನ್ನು ಕೆಳಗಿಡುತ್ತಾನೆ. ಅಜ್ಜಾರು ಆ ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ಹೋದರು. ಪ್ರಾರ್ಥನೆ ಆದ ಮೇಲೆ ಸನ್ಯಾಸಿಗಳ ತಿಂಗಳ ಸಭೆ, ಮಧ್ಯಾಹ್ನದವರೆಗೆ ನಾನು ಒಬ್ಬನೇ.

ನನ್ನ ಕೆಲಸ ಅರ್ಧ ಗಂಟೆಗೆ ಮುಗಿಯಿತು. ಪೀಣ್ಯದವರಿಗೆ ಕೈಕಟ್ಟಿ ಕೂರುವುದು ಗೊತ್ತಿಲ್ಲ. ಒಂದು ಬೋಲ್ಟು ಬಿಗಿಮಾಡಲು ಕರೆದರೂ ಇಡೀ ಮೆಷಿನ್ ಒರೆಸಿ, ಎಣ್ಣೆ ಬಿಟ್ಟು ಬರುವ ಜನ ನಾವು. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆರೆದು ಉಳಿದ ರೀಡುಗಳನ್ನು ಒಂದೊಂದಾಗಿ ನುಡಿಸಿ ನೋಡಿದೆ. ಅಯ್ಯೋ ಶಿವನೇ! ಒಂದು ಕೂದಲೆಳೆ ಇಳಿದಿದೆ, ಇನ್ನೊಂದು ಕೂದಲೆಳೆ ಏರಿದೆ. ಪಾಪ, ಇಷ್ಟು ದಿನ ಯಾರೂ ನೋಡಿಲ್ಲ ಅಂದುಕೊಂಡೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಬೆವರು ಸುರಿಸಿಕೊಂಡು ಎಲ್ಲವನ್ನೂ ಕೆರೆದೆ, ಎಲ್ಲವನ್ನೂ ಸರಿಮಾಡಿದೆ. ಆ್ಯಪಿನಲ್ಲಿ ಸಾಲಾಗಿ ಹಸಿರು!

ಊಟದ ಹೊತ್ತಿಗೆ ಹೇಳೋಣವೆಂದರೆ ಅಲ್ಲಿ ಊಟದಲ್ಲಿ ಮಾತಾಡುವಂತಿಲ್ಲ. ಅತಿಥಿಯ ಕೈಗೆ ಹಿರಿಯರೇ ನೀರು ಹಾಕಬೇಕೆಂಬ ನಿಯಮವೂ ಇದೆ. ಅಜ್ಜಾರು ತಂಬಿಗೆ ಹಿಡಿದು, ನನ್ನ ಎಣ್ಣೆಗೈಗೆ ಸೋಪು ಕೊಟ್ಟು, ಮೂರು ಸಲ ನೀರು ಹಾಕಿದರು. ಒಬ್ಬ ಸನ್ಯಾಸಿ ನಿಂತು ಪುಸ್ತಕ ಓದುತ್ತಿದ್ದ, ಉಳಿದವರು ತೆಪ್ಪಗೆ ಉಣ್ಣುತ್ತಿದ್ದರು. ನಾನು ಮಾತ್ರ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಮುಸಿಮುಸಿ ನಗುತ್ತಿದ್ದೆ.

ಊಟವಾದ ಮೇಲೆ ಅಜ್ಜಾರು ಪೆಟ್ಟಿಗೆಯ ಮುಂದೆ ಕೂತು ತುಳಿದು, ನಾಲ್ಕು ಸ್ವರ ನುಡಿಸಿದರು. ಕೈ ನಿಂತಿತು.

"ಎಲ್ಲವನ್ನೂ ಮುಟ್ಟಿದೆಯಾ?"

"ಹೂನ್ರೀ ಅಜ್ಜಾರ, ಒಂದೂ ಬಿಟ್ಟಿಲ್ಲ. ಭಾಳ ಕೆಟ್ಟಿದ್ವು. ಈಗ ನೋಡ್ರಿ, ಹೆಂಗ ಮಾತಾಡ್ತಾವ!"

ಅವರು ಮೆಲ್ಲಗೆ ಬಿಡಿಸಿ ಹೇಳಿದರು. ಆ ಏರಿಳಿತ ಕೆಟ್ಟದ್ದಾಗಿರಲಿಲ್ಲ. ಮಠದ ಹಿಂದಿನವರು ತಮ್ಮ ಹಾಡಿಗೆ ಒಗ್ಗುವಂತೆ ಬೇಕೆಂದೇ ಹಾಗೆ ಕೂಡಿಸಿದ್ದರು. ಅವರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು ಎಂಬುದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಆ ಪೆಟ್ಟಿಗೆ. ಕೊನೆಯ ಅಧ್ಯಾಯ ಅದರ ಮೇಲೇ ನಿಂತಿತ್ತು. ಅರ್ಧಂಬರ್ಧ ಅಳೆಯುವುದು ಬೇಡವೆಂದು ನಾಲ್ಕು ರೀಡಿಗಾಗಿ ಕಾದಿದ್ದರು. ಆ ಮಧ್ಯಾಹ್ನವೇ ಅಳತೆ ತೆಗೆಯುವುದಿತ್ತು.

ನಲವತ್ತರ ಗಂಡಸು, ನಾಚಿಕೆಯಿಲ್ಲದೆ ಅತ್ತೆ. ಅಜ್ಜಾರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಭುಜ ಕುಣಿಸಿ ನಗಲು ಶುರು ಮಾಡಿದರು. "ಇಷ್ಟು ಶ್ರದ್ಧೆಯಿಂದ ಹಾಳು ಮಾಡಿದವರನ್ನು ನಾನು ನೋಡಿಯೇ ಇಲ್ಲ ಮಾರಾಯಾ!"

ಮರುದಿನ ಅಜ್ಜಾರ ಫೋನು ಬಂತು. ಆ ಪೆಟ್ಟಿಗೆಯ ಜೊತೆ ನಲವತ್ತು ವರ್ಷ ಹಾಡಿದ ಅಡುಗೆಮನೆಯ ಮುದಿ ಸನ್ಯಾಸಿ, ಬ್ರದರ್ ಒಬ್ಬರಿದ್ದರು. "ಪೆಟ್ಟಿಗೆ ಮರೆತಿರಬಹುದು, ಅವರ ಗಂಟಲು ಮರೆತಿಲ್ಲ. ಭಾನುವಾರ ಬಾ" ಎಂದರು. ಒಂದಲ್ಲ, ಹತ್ತಾರು ಭಾನುವಾರ ಹೋದೆ. ಬ್ರದರ್ ಈರುಳ್ಳಿ ಹೆಚ್ಚುತ್ತಾ ಹಾಡುವರು, ನಾನು ಕೆರೆಯುವೆ, ಅಜ್ಜಾರು ಕಣ್ಣು ಮುಚ್ಚಿ "ಇನ್ನೂ ಒಂಚೂರು" ಅನ್ನುವರು. ಬ್ರದರಿಗೆ ನೆಗಡಿಯಾದ ವಾರ ಕೆರೆದದ್ದನ್ನೆಲ್ಲ ಮತ್ತೆ ಕೆರೆಯಬೇಕಾಯಿತು. ನನ್ನ ಹೆಂಡತಿ, "ನೀವೇನು ಸನ್ಯಾಸ ತಗೋತೀರೇನ್ರೀ?" ಎಂದು ಕೇಳಿದಳು. ಆ ಭಾನುವಾರಗಳಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ, ಈಗಲೂ ಹಾಗೇ ಅನ್ನಿಸುತ್ತದೆ.

ಕೊನೆಗೊಂದು ದಿನ ಬ್ರದರ್ ಸೌಟು ಕೆಳಗಿಟ್ಟು, "ಹಾಂ, ಇದೇ" ಎಂದರು. ನಾನು ಕುಣಿದಾಡಿಬಿಟ್ಟೆ. ಅಜ್ಜಾರು ಮಾತ್ರ, "ಹತ್ತಿರ ಬಂದಿದೆ. ಹತ್ತಿರ ಬಂದದ್ದು ಅದೇ ಆಗುವುದಿಲ್ಲ" ಎಂದರು.

"ಅದೇ ಅಂತ ಬರದಬಿಡ್ರಿ ಅಜ್ಜಾರ. ಯಾರಿಗೆ ತಿಳೀತದ?"

"ನನಗೆ ತಿಳಿಯುತ್ತದಲ್ಲ."

ಆ ಅಧ್ಯಾಯವನ್ನು ಅವರು ಬರೆಯಲೇ ಇಲ್ಲ. ಬೇಸರವನ್ನೂ ತೋರಿಸಲಿಲ್ಲ. ನಾನು ಹೋದಾಗಲೆಲ್ಲ ಕೈಗೆ ನೀರು ಹಾಕಿ, ಹಬ್ಬದ ಪ್ರಾರ್ಥನೆಗೆ ಪೆಟ್ಟಿಗೆ ನುಡಿಸಿ, ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು.

ಹೋದ ವರ್ಷ ಅಜ್ಜಾರು ತೀರಿಕೊಂಡರು. ಮಣ್ಣಿನ ದಿನ ಬ್ರದರ್ ಹಾಡಿದರು, ಅರ್ಧಕ್ಕೆ ಹಾಡು ನಿಂತಿತು, ಪೆಟ್ಟಿಗೆ ಮಾತ್ರ ಮುಂದುವರಿಯಿತು… ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ.

ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಮೊನ್ನೆ ಮಠದವರು ನನಗೂ ಕೊಟ್ಟರು. ಹೆದರುತ್ತಲೇ ಕೊನೆಯ ಪುಟ ತೆಗೆದೆ. ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಮಠದ ಆರ್ಗನ್ನಿನ ಮೂಲ ಶ್ರುತಿ ದುರಸ್ತಿಯ ವೇಳೆ ನಷ್ಟವಾಯಿತು. ಮೊದಲೇ ಅಳತೆ ತೆಗೆಯದಿದ್ದದ್ದು ಈ ಲೇಖಕನ ಆಲಸ್ಯ. ಈಗಿನ ಶ್ರುತಿಯನ್ನು ಯಾರೂ ಸಾಕ್ಷ್ಯವಾಗಿ ಬಳಸಬಾರದು."

ಹೊಸ ಹಿರಿಯರ ಹತ್ತಿರ ಜಗಳಕ್ಕೇ ನಿಂತೆ. "ಇದು ಸುಳ್ಳು ಐತ್ರೀ. ತಪ್ಪು ನಂದು. ತಿದ್ದಸ್ರಿ." ಅವರು ನಕ್ಕು, "ನೀವು ಹೀಗೆ ಕೇಳ್ತೀರಿ ಅಂತ ಅವರು ಮೊದಲೇ ಹೇಳಿದ್ದರು. ತಿದ್ದಕೂಡದು ಅಂದಿದ್ದಾರೆ" ಎಂದರು.

ಮನೆಗೆ ಬಂದು ನನ್ನ ಪ್ರತಿಯಲ್ಲಿ 'ಈ ಲೇಖಕನ ಆಲಸ್ಯ' ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದೆ. ಮತ್ತೆ ತಿದ್ದಿಬಿಟ್ಟೆಯಾ ಮಾರಾಯಾ ಎಂದು ಬೈಯಲು ಈಗ ಅಜ್ಜಾರಿಲ್ಲ.