ಅಣ್ಣನ ಕಾರು, ನನ್ನ ಕೈಗುಣ

ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ನನಗೆ ನಾಲ್ಕು ಏಟು ಬೀಳುತ್ತಿತ್ತು, ಅಷ್ಟೆ. ಹೇಳದೆ ಹೋದದ್ದಕ್ಕೆ ಅಪ್ಪ ನನ್ನ ಅಣ್ಣನನ್ನು ಸುಳ್ಳುಗಾರ ಎಂದುಕೊಂಡೇ ಕಣ್ಣು ಮುಚ್ಚಿದ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಚಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ಸರ್ಜಾಪುರದ ಕಡೆಯ ನಮ್ಮೂರಿನಲ್ಲಿ ಕೆರೆ ಇನ್ನೂ ಕೆರೆಯ ಹಾಗೇ ಇತ್ತು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದರೂ ಏರಿಯ ಮೇಲೆ ಸೊಪ್ಪು ಕೀಳಲು ಜಾಗವಿತ್ತು. ಆ ಸೊಪ್ಪಿನಲ್ಲಿ ಅಮ್ಮ ಬಸ್ಸಾರು ಮಾಡಿದರೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬೀದಿಯ ಕೊನೆಯವರೆಗೂ ಹೋಗುತ್ತಿತ್ತು. ಅಪ್ಪ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಿದ್ದ. ತಾತ ಮಾರಿದ ಹೊಲದಲ್ಲೇ ಅದು ಎದ್ದಿತ್ತು. ನನ್ನ ಅಣ್ಣ ಮಂಜ ನನಗಿಂತ ಹತ್ತು ವರ್ಷ ದೊಡ್ಡವನು. ಹಳೆಯ ಡೀಸೆಲ್ ಕಾರೊಂದನ್ನು ಸಾಲದ ಮೇಲೆ ತಂದು, ಹಳದಿ ಬೋರ್ಡ್ ಹಾಕಿಸಿ, ಕಂಪನಿ ಕೆಲಸದವರನ್ನು ಮನೆಯಿಂದ ಆಫೀಸಿಗೆ ಬಿಡುತ್ತಿದ್ದ.

ಮನೆಗೆ ಮೊದಲ ಗಾಡಿ ಬಂದ ದಿನದ ಸಂಭ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ನಮ್ಮ ಬೀದಿಯವರೆಲ್ಲ ಸೇರಿದ್ದರು. ಕುಂಬಳಕಾಯಿ ಒಡೆದದ್ದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಅಣ್ಣ ಎರಡು ಸಲ ಕೀ ತಿರುಗಿಸಿದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯವರು ಕಿಸಕ್ಕೆಂದರು. ಕಿಟಕಿಗೆ ಮುಖ ಒತ್ತಿಕೊಂಡು ನಿಂತಿದ್ದ ನನ್ನನ್ನು ಅಣ್ಣ ಒಳಗೆ ಎಳೆದುಕೊಂಡ.

"ನೀನ್ ತಿರುಗ್ಸೇ ಪುಟ್ಟಿ, ನೋಡೇ ಬಿಡಾಣ."

ತಿರುಗಿಸಿದೆ. ಗಾಡಿ ಗುರ್ರೆಂದು ಹತ್ತಿಕೊಂಡಿತು.

"ನೋಡ್ದೇನಮ್ಮಾ, ಕೈಗುಣ ಅಂದ್ರೆ ಇದು! ಇನ್ಮೇಲೆ ದಿನಾ ಬೋಣಿ ಇವಳ್ದೇ!"

ಅಂದಿನಿಂದ ದಿನಾ ಬೆಳಗ್ಗೆ ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಓಡಿ ಹೋಗಿ ನಾನು ಕೀ ತಿರುಗಿಸಬೇಕು. ಊದುಬತ್ತಿ, ಡೀಸೆಲ್ ಹೊಗೆ, ಕನ್ನಡಿಗೆ ನೇತು ಹಾಕಿದ ಮಲ್ಲಿಗೆ, ಮೂರೂ ಸೇರಿದ ಒಂದು ವಾಸನೆ ಆ ಕಾರಿನೊಳಗೆ ಇರುತ್ತಿತ್ತು. ನಾನು ಏಳುವುದು ತಡವಾದರೆ ಅಣ್ಣ ಹಾರನ್ ಹೊಡೆದು, "ಬಾರೇ ಮಾರಾಯ್ತಿ, ಗಾಡಿ ನಿನ್ನೇ ಕೇಳ್ತೈತೆ" ಎನ್ನುತ್ತಿದ್ದ. ಬಾಡಿಗೆ ಚೆನ್ನಾಗಿ ಆದ ದಿನ ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದ. ದೊಡ್ಡ ತುಂಡು ನನಗೆ. ಅಮ್ಮ ರೇಗಿದರೆ, "ದುಡಿದಿರೋದು ಅವಳ ಕೈ ಕಣಮ್ಮ, ನಂದೇನೈತೆ?" ಎನ್ನುತ್ತಿದ್ದ. ಅವನು ತಮಾಷೆಗೆ ಹೇಳುತ್ತಿದ್ದನೋ ಏನೋ, ನಾನು ಪೂರ್ತಿ ನಂಬಿದ್ದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಗಣೇಶನನ್ನು ಬಿಟ್ಟ ಮಾರನೇ ವಾರ, ಮಳೆ ಹಿಡಿಯಿತು. ಕೆರೆ ಕೋಡಿ ಬಿತ್ತು. ನೀರು ಹೋಗಬೇಕಾದ ರಾಜಕಾಲುವೆಗೆ ಯಾರೋ ಅಡ್ಡ ಗೋಡೆ ಕಟ್ಟಿದ್ದರಿಂದ ನೀರೆಲ್ಲ ನಮ್ಮ ಬೀದಿಗೆ ತಿರುಗಿತು. ಬೆಳಗ್ಗೆ ಎದ್ದು ನೋಡಿದರೆ ಕಾರು ಹೆಡ್‌ಲೈಟಿನ ಮಟ್ಟಕ್ಕೆ ಮುಳುಗಿತ್ತು.

ನಮಗೆ ಮಕ್ಕಳಿಗೆ ಅದೂ ಹಬ್ಬವೇ. ಟಾರು ರಸ್ತೆಯ ಮೇಲೆ ಮೀನು! ಅಮ್ಮನ ಹಳೇ ಸೀರೆಯನ್ನು ನಾನೂ ನನ್ನ ಗೆಳತಿಯೂ ಎರಡು ಕಡೆ ಹಿಡಿದು ಬಾಚಿದೆವು.

"ಅಮ್ಮಾ, ಜಿಲೇಬಿ ಮೀನು!"

"ಬಿಸಾಕೇ ಅದನ್ನ! ಮೋರಿ ನೀರು ಕುಡ್ದಿರೋ ಮೀನು, ತಿಂದ್ರೆ ಸೀದಾ ಆಸ್ಪತ್ರೆಗೆ!"

ಅಣ್ಣ ಮಾತ್ರ ತೊಡೆ ಮಟ್ಟದ ನೀರಿನಲ್ಲಿ ಕಾರಿನ ಬಾನೆಟ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ, ಜ್ವರ ಬಂದ ದನದ ಪಕ್ಕ ನಿಂತ ಹಾಗೆ.

ನೀರು ಇಳಿದ ಮೇಲೆ ಬೀದಿಯ ಹುಡುಗರೊಡನೆ ಅದನ್ನು ತಳ್ಳಿಕೊಂಡು ಬಂದು ಮನೆಯ ಮುಂದಿನ ದಿಬ್ಬದ ಮೇಲೆ ನಿಲ್ಲಿಸಿದ. ಚಂದಾಪುರದ ಮೆಕ್ಯಾನಿಕ್ ರಫೀಕಣ್ಣನಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ನಮಗೆಲ್ಲ ಹೇಳಿದ.

"ಯಾರೂ ಕೀ ಮುಟ್ಬೇಡಿ. ಇಂಜಿನ್ ಒಳಗೆ ನೀರು ಓಗಿದ್ರೆ, ಸ್ಟಾರ್ಟ್ ಮಾಡಿದ್ ತಕ್ಷಣ ಮುರ್ದೋಗ್ತದಂತೆ. ಮೊದ್ಲು ಬಿಚ್ಚಿ ನೀರು ತೆಗೀಬೇಕಂತೆ. ಪುಟ್ಟಿ, ನಿಂಗೂ ಸೇರ್ಸಿ ಹೇಳ್ತಿರೋದು."

ಕೀಯನ್ನು ದೇವರ ಪಟದ ಕೆಳಗಿನ ಮೊಳೆಗೆ ಹಾಕಿ, ರಫೀಕಣ್ಣನನ್ನು ಕರೆತರಲು ಹೋದ. ಅಪ್ಪ ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದ. ಅಮ್ಮ ಕೊಡ ಹಿಡಿದು ಟ್ಯಾಂಕರ್ ನೀರಿಗೆ ಹೋದಳು.

ನಾನು ಕಾರನ್ನೇ ನೋಡುತ್ತ ಕೂತೆ. ಕನ್ನಡಿಯ ಮಲ್ಲಿಗೆ ಕೊಳೆತಿತ್ತು. ಅಣ್ಣ ಹಿಂದಿನ ದಿನದಿಂದ ಮುದ್ದೆ ಮುಟ್ಟಿರಲಿಲ್ಲ. ಬೇರೆಯವರು ಕೀ ಮುಟ್ಟಬಾರದು, ಸರಿ. ಆದರೆ ನನ್ನ ಕೈ? ಅವನು ಬರುವಷ್ಟರಲ್ಲಿ ಗಾಡಿ ಗುರುಗುಟ್ಟುತ್ತ ನಿಂತಿದ್ದರೆ ಎಷ್ಟು ನಗಬಹುದು ಎಂದುಕೊಂಡೆ. ಕೈ ತೊಳೆದು, ದೇವರಿಗೆ ಕೈ ಮುಗಿದು, ಕೀ ತೆಗೆದುಕೊಂಡೆ.

ಸೀಟಿನ ನೀರು ಲಂಗಕ್ಕೆ ಇಳಿಯಿತು. ಕೀ ತಿರುಗಿಸಿದೆ. ಸ್ಟೀರಿಂಗ್ ಹಿಂದಿನ ಸಣ್ಣ ಕೆಂಪು ದೀಪಗಳು ಹತ್ತಿದವು. ಇಂಜಿನ್ ನರಳಿತು, ಕೆಮ್ಮಿತು, ಒಂದು ಕ್ಷಣ ಹತ್ತಿಕೊಂಡೇ ಬಿಟ್ಟಿತು. ನಾನು ಒಬ್ಬಳೇ ಜೋರಾಗಿ ನಕ್ಕೆ. ಆಗ ಒಳಗೆ ಯಾರೋ ಸುತ್ತಿಗೆಯಲ್ಲಿ ಕಬ್ಬಿಣಕ್ಕೆ ಬಾರಿಸಿದ ಹಾಗೆ ಒಂದು ಸದ್ದು. ಗಾಡಿ ಒಮ್ಮೆ ಅದುರಿ ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಟಿಕ್ ಟಿಕ್ ಅಷ್ಟೆ.

ಕೀಯನ್ನು ಒರೆಸಿ ಅದೇ ಮೊಳೆಗೆ ಹಾಕಿದೆ.

ರಫೀಕಣ್ಣ ಬಂದು ಇಂಜಿನ್ ಆಯಿಲ್ ನೋಡಿದರು. ನೀರು ಬೆರೆತು ಹಾಲು ಹಾಕಿದ ಟೀ ಹಾಗಿತ್ತು. ಪಾನಾ ಹಾಕಿ ಕೈಯಲ್ಲಿ ಇಂಜಿನ್ ತಿರುಗಿಸಲು ನೋಡಿದರು, ಅಲುಗಲಿಲ್ಲ. ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಕೆಲವು ದಿನ ಬಿಟ್ಟು ಅವರೇ ಮನೆಗೆ ಬಂದು, ಗೋಣಿಚೀಲದಿಂದ ಒಂದು ಕಬ್ಬಿಣದ ರಾಡು ತೆಗೆದು ಜಗುಲಿಯ ಮೇಲಿಟ್ಟರು. ಅದು ಸೊಟ್ಟಗಾಗಿತ್ತು.

"ಪಿಸ್ಟನ್ ತಳ್ಳೋ ರಾಡ್ ಇದು. ನೀರನ್ನ ಅದುಮಕ್ಕೆ ಆಗಲ್ಲ ಮಂಜಾ, ಅದ್ಕೆ ರಾಡೇ ಬಗ್ಗೋಯ್ತು. ಬ್ಲಾಕೂ ಒಡ್ದೈತೆ. ನಾನು ಬೇಡ ಅಂದ್ಮೇಲೂ ಯಾಕಪ್ಪಾ ಸ್ಟಾರ್ಟ್ ಮಾಡ್ದೆ?"

"ನಾನ್ ಮುಟ್ಟೇ ಇಲ್ಲ ರಫೀಕಣ್ಣ. ದೇವ್ರಾಣೆ."

ಅಪ್ಪ ಯೂನಿಫಾರಂ ಬಿಚ್ಚದೆ ಬಾಗಿಲಲ್ಲಿ ನಿಂತಿದ್ದ. "ನಿಂದು ಮೊದ್ಲಿಂದ್ಲೂ ಇಂಗೇ. ಆತುರಗೆಟ್ಟವನು. ಈಗ ಸುಳ್ಳು ಬೇರೆ."

ಅಣ್ಣ ಸುತ್ತ ನೋಡಿ, ಟೀ ಲೋಟ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದ. ಬೀದಿಯ ಹುಡುಗರ ಮೇಲೆ ಅವನಿಗೆ ಅನುಮಾನವಿತ್ತು.

"ಪುಟ್ಟಿ, ಅವತ್ತು ಮನೇಲಿ ನೀನಿದ್ಯಲ್ಲ. ಯಾರಾದ್ರೂ ಬಂದಿದ್ರಾ?"

"ಇಲ್ಲ ಅಣ್ಣ. ಯಾರೂ ಬರ್ಲಿಲ್ಲ" ಎಂದೆ.

ಅದು ನಿಜವೇ. ಯಾರೂ ಬಂದಿರಲಿಲ್ಲ.

"ಕೇಳುಸ್ಕೊಂಡ್ಯಾ?" ಎಂದ ಅಪ್ಪ. ಅಣ್ಣ ಆ ರಾಡನ್ನು ಎತ್ತಿ ಮತ್ತೆ ಗೋಣಿಚೀಲಕ್ಕೆ ಹಾಕಿದ.

ಇನ್ಶೂರೆನ್ಸಿನವರೂ ನೀರಿದ್ದಾಗ ಸ್ಟಾರ್ಟ್ ಮಾಡಿದ್ದೀರಿ ಎಂದು ಹೇಳಿ ಇಂಜಿನ್ನಿಗೆ ಏನೂ ಕೊಡಲಿಲ್ಲ. ಕಾರು ಗುಜರಿಗೆ ಹೋಯಿತು, ಸಾಲ ಉಳಿಯಿತು. ನನ್ನ ಸ್ಕೂಲು ನಿಂತಿತು. ಅದನ್ನು ನನಗೆ ತಕ್ಕ ಶಿಕ್ಷೆ ಎಂದು ಒಳಗೊಳಗೇ ಒಪ್ಪಿಕೊಂಡೆ, ಆದರೆ ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಎನ್ನುತ್ತಿದ್ದೆ. ದಿನ ಹೋದಷ್ಟೂ ಆ ಮಾತು ಭಾರವಾಯಿತು. ಅಣ್ಣ ಪೀಣ್ಯದ ಒಂದು ಫ್ಯಾಕ್ಟರಿಗೆ ಸೇರಿ ಲಗ್ಗೆರೆಯಲ್ಲಿ ರೂಮು ಮಾಡಿದ. ಫ್ಯಾಕ್ಟರಿಯ ಪ್ರೆಸ್ ಮಷೀನು ಅವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಹಬ್ಬಕ್ಕೆ ಬಂದರೆ ಅಪ್ಪನೂ ಅವನೂ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಅಪ್ಪ ಹಾಸಿಗೆ ಹಿಡಿದಾಗ ಅಣ್ಣನೇ ಎತ್ತಿ ಕೂರಿಸುತ್ತಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಅಪ್ಪ ಅವನ ಮೊಂಡು ಬೆರಳುಗಳನ್ನು ಹಿಡಿದುಕೊಂಡು, "ಅವತ್ತು ನಿಜ ಏಳಿದ್ರೆ ನಾನೇನು ಕೊಲ್ತಿದ್ನೇನೋ ಮಗಾ?" ಎಂದ. ಅಣ್ಣ, "ಬಿಡಪ್ಪ, ಆರೋಗ್ತದೆ ಕುಡಿ" ಎಂದ. ನಾನು ಕಾಲು ಒತ್ತುತ್ತಿದ್ದೆ. ಒತ್ತುತ್ತಲೇ ಇದ್ದೆ.

ಈಗ ಆ ಕೆರೆಗೆ ಬೇಲಿ ಹಾಕಿದ್ದಾರೆ, ಏರಿಯ ಮೇಲೆ ಸೊಪ್ಪಿಲ್ಲ. ಬಸ್ಸಾರಿಗೆ ಅಂಗಡಿಯ ಸೊಪ್ಪು ತರುತ್ತೇವೆ. ಮಳೆ ಬಂದರೆ ಬೀದಿಗೆ ನೀರು ಬರುತ್ತದೆ, ಮೀನು ಬರುವುದಿಲ್ಲ. ಅಪ್ಪ ಇಲ್ಲ. ಹಾರನ್ ಹೊಡೆದು ನನ್ನನ್ನು ಎಬ್ಬಿಸುವ ಬೆಳಗು ಇಲ್ಲ. ಇವೆಲ್ಲ ಹೇಗೂ ಹೋಗುತ್ತಿದ್ದವೇನೋ. ಅಪ್ಪನ ಕಣ್ಣಲ್ಲಿ ಅಣ್ಣನಿಗಿದ್ದ ಬೆಲೆ ಮಾತ್ರ ನನ್ನಿಂದಲೇ ಹೋಯಿತು.

ಮೊನ್ನೆ ಅಣ್ಣ ಒಂದು ಹಳೇ ಲಗೇಜ್ ಆಟೋ ತಂದ. ಊದುಬತ್ತಿ ಹಚ್ಚಿ, ನಿಂಬೆಹಣ್ಣು ಇಟ್ಟು, ತಲೆ ನರೆತ ಅಣ್ಣ ನನ್ನ ಕಡೆ ತಿರುಗಿದ. ಉಳಿದ ಬೆರಳುಗಳ ನಡುವೆ ಕೀ ಹಿಡಿದು ಚಾಚಿದ.

"ಬಾರೇ ಪುಟ್ಟಿ. ಬೋಣಿ ನಿನ್ ಕೈಲೇ ಆಗ್ಲಿ."

ನನ್ನ ಕೈ ಮುಂದಕ್ಕೆ ಬರಲಿಲ್ಲ.

"ಅಣ್ಣಾ, ಅವತ್ತು ಯಾರೂ ಬರ್ಲಿಲ್ಲ ಅಂದ್ನಲ್ಲ... ಕೀ ತಿರುಗ್ಸಿದ್ದು ನಾನು. ನೀನು ಸುಳ್ಳು ಹೇಳಿರ್ಲಿಲ್ಲ. ಅಪ್ಪಂಗೆ ಹೇಳಕ್ಕೆ ಆಗ್ಲಿಲ್ಲ ನಂಗೆ. ತಪ್ಪಾಯ್ತು ಕಣಣ್ಣ. ನಂದೇ ತಪ್ಪು."